ನಾಲ್ಕು ಜೊತೆ ಚಪ್ಪಲಿ

ನವಲಗುಂದದ ಕಡೆಯವರಾದ ನಾವು ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಹೋದ ಶ್ರಾವಣದಲ್ಲಿ ಕಲಘಟಗಿ ದಾಟಿ ಕಾಡಿನೊಳಗಿನ ಒಂದು ಸಣ್ಣ ಜಲಪಾತಕ್ಕೆ ನಡೆದು ಹೋದಾಗಲೂ ಅಷ್ಟೇ. ನೀರಿನ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಅತ್ತೆ ಚಪ್ಪಲಿ ಬಿಟ್ಟರು.

"ಯವ್ವಾ, ಇದು ಅಡವಿ ಬೇ, ನಮ್ಮೂರ ಕೆರಿ ಅಲ್ಲ," ಎಂದು ನನ್ನ ಗಂಡ ನಕ್ಕರು.

"ಮುಂದ ಯಾವ್ದರ ಊರಾಗ ಇದನ್ನ ಕುಡೀತಾರಲ್ಲೋ."

ಆಗ ಗಂಡನೂ ಬಿಟ್ಟರು, ನಾವೂ ಬಿಟ್ಟೆವು. ಮರದ ಕೆಳಗಿಟ್ಟರೆ ಮಂಗಗಳು ಒಯ್ಯುತ್ತವೆಂದು ನಾನೇ ಕೈಗೆ ಎರಡೆರಡು ಜೊತೆ ಹಿಡಿದುಕೊಂಡೆ. ಅದರಲ್ಲಿ ಐದು ವರ್ಷದ ಮಗಳ, ಹೆಜ್ಜೆಗೊಮ್ಮೆ ಪೀಂ ಎನ್ನುವ ಪೀಪಿ ಚಪ್ಪಲಿಯೂ ಇತ್ತು.

ಬಸ್ಸಿಳಿದಲ್ಲಿಂದ ಒಟ್ಟು ಇಪ್ಪತ್ತು ನಿಮಿಷದ ದಾರಿ. ಮಗಳು ಕಂಡ ಕಂಡ ಬಸವನಹುಳುವನ್ನೆಲ್ಲ ಮಾತಾಡಿಸುತ್ತ ಅದನ್ನು ಒಂದು ತಾಸು ಮಾಡಿದಳು. ಎಂಟು ದಿನಕ್ಕೊಮ್ಮೆ ನಳದ ನೀರು ಬರುವ ಊರಿನ ಅತ್ತೆ ಧುಮುಕುವ ನೀರನ್ನು ಬಾಯಿ ತೆರೆದು ನೋಡಿ, ಹಿಂಗ ಹಗಲೂರಾತ್ರಿ ಬಿಟ್ಟಾರಲ್ಲ, ಬಂದ್ ಮಾಡವ್ರು ಯಾರೂ ಇಲ್ಲೇನು ಎಂದು ಕೇಳಿದರು.

ದಾರಿಯಲ್ಲಿ ಸಿಕ್ಕ ದನಗಾಹಿ ಅಜ್ಜನನ್ನು ನೀರು ಎಷ್ಟು ಆಳ, ಹಾವು ಇವೆಯೇ ಎಂದೆಲ್ಲ ವಿಚಾರಿಸಿದ್ದೆವು. ಕಲ್ಲಿನ ಬಗ್ಗೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮದು ಕಪ್ಪು ಮಣ್ಣಿನ ಎರೆಭೂಮಿ. ಮಳೆಯಾದರೆ ಅದು ಕಾಲು ಹಿಡಿದು ಬಿಡುವುದೇ ಇಲ್ಲ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡ ಹಸಿರು ಪಾಚಿಯ ಬಂಡೆಯ ಮೇಲೆ ಕಾಲಿಟ್ಟರು. ಕಾಲು ಮುಂದಕ್ಕೆ ಜಾರಿತು. ಅವರು ಮೊಣಕಾಲುದ್ದದ ನೀರಿಗೆ ಕುಸಿದರು, ಮಗಳು ಹಿಂದಕ್ಕೆ ಹಾರಿದಳು. ಹಿಂದೆ ಇದ್ದದ್ದು ಬರೀ ಕಲ್ಲು, ಮತ್ತು ಅತ್ತೆ. ಅವರು ಎರಡೂ ಕೈ ಚಾಚಿ ಕೂಸನ್ನು ಎದೆಗೆ ಅವಚಿಕೊಂಡು ಅಲ್ಲೇ ಕೂತುಬಿಟ್ಟರು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕೈಯಲ್ಲಿದ್ದ ಚಪ್ಪಲಿಗಳನ್ನು ಬಿಡಲಿಲ್ಲ. ಬಿಎಸ್ಸಿ ಓದಿ, ಬೀಳುವ ವಸ್ತುವಿನ ವೇಗದ ಲೆಕ್ಕ ಮಾಡಿದವಳಿಗೆ ಬೆರಳು ಬಿಚ್ಚುವುದು ತಿಳಿಯಲಿಲ್ಲ. ಆಮೇಲೆ ಅತ್ತೆಯೇ ಬಂದು ಒಂದೊಂದಾಗಿ ಬಿಡಿಸಿಕೊಂಡರು.

ಮಗಳು ಮಾತ್ರ ಅಪ್ಪನ ಕಡೆ ತಿರುಗಿ, "ಇನ್ನೊಮ್ಮೆ ಮಾಡಪಾ," ಎಂದಳು.

ಸೊಂಟದ ತನಕ ತೊಯ್ದ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಕೆಮ್ಮು ಬರುವಷ್ಟು ನಕ್ಕರು. ತುಂತುರು ಬೀಳುವಲ್ಲೇ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಗಿಸಿದೆವು. ನಾನು ರೊಟ್ಟಿಯನ್ನು ಮುರಿಯದೆ ಹಾಗೇ ಹಿಡಿದು ಕೂತಿದ್ದೆ. ಅತ್ತೆ ಅದನ್ನು ನೋಡಿ, ನನ್ನ ರೊಟ್ಟಿಯನ್ನು ತಾವೇ ಮುರಿದುಕೊಟ್ಟರು.

ಈಗಲೂ ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ ಆ ಜಾರುವ ಕಾಲು ಕಣ್ಣ ಮುಂದೆ ಬರುತ್ತದೆ. ಹಿಂದೆಯೇ ನನ್ನ ಮುಚ್ಚಿದ ಬೆರಳುಗಳು.

ದಸರಾ ರಜೆಗೆ ಮಗಳು ಹಟ ಹಿಡಿದು ಮತ್ತೆ ಅಲ್ಲಿಗೇ ಎಳೆದೊಯ್ದಳು. ನೀರಿನ ಸಪ್ಪಳ ಕೇಳಿದಾಗ ಎಲ್ಲರ ಚಪ್ಪಲಿಯನ್ನೂ ನಾನು ಮರದ ಬುಡಕ್ಕೆ ಇಟ್ಟೆ.

"ಮಂಗ್ಯಾಗೋಳು ಒಯ್ತಾವ," ಎಂದರು ಗಂಡ.

"ಒಯ್ಯಲಿ ಬಿಡ್ರಿ," ಎಂದು ಮಗಳ ಕೈ ಹಿಡಿದೆ.

ವಾಪಸ್ ಬಂದಾಗ ಒಂದು ಪೀಪಿ ಚಪ್ಪಲಿ ಇರಲಿಲ್ಲ. ಬಸ್ಸಿನವರೆಗೂ ಮಗಳು ಒಂದೇ ಕಾಲಿನಲ್ಲಿ ಪೀಂ ಪೀಂ ಎನ್ನಿಸುತ್ತ, ನನ್ನ ಕೈ ಜಗ್ಗುತ್ತ ಕುಣಿದಳು.