ಹುಸೇನಬಿ ಕಟ್ಟಿದ ಪದ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳ ಹಿಂದೆ ಉದ್ದುದ್ದ ಶೆಡ್ಡುಗಳಿವೆ. ಅಲ್ಲಿ ಹೆಂಗಸರು ರಾಶಿಯ ಸುತ್ತ ಕೂತು ಕಾಯಿಯ ತೊಟ್ಟು ಮುರಿಯುತ್ತಾರೆ. ಅದಕ್ಕೆ ತುಂಬು ಬಿಡಿಸೋದು ಅನ್ನುತ್ತಾರೆ. ಉಚ್ಚಂಗೆವ್ವ ಆ ಕೆಲಸಕ್ಕೆ ಕೂತು ಇಪ್ಪತ್ತೆಂಟು ವರ್ಷವಾಗಿತ್ತು. ಆದರೆ ಊರಿನವರು ಅವಳನ್ನು ಗುರುತಿಸುತ್ತಿದ್ದದ್ದು ಹಾಡಿನಿಂದ. ಯಾರ ಮನೆಯಲ್ಲಿ ಅರಿಶಿಣ ಹಚ್ಚಿದರೂ, ಯಾರ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಮೊದಲು ಕೇಳುವ ಮಾತು, "ಉಚ್ಚಂಗೆವ್ವಗ ಹೇಳೀರೇನು?"

ಅವಳ ತವರು ತುಂಗಭದ್ರೆಯ ದಂಡೆಯ ಮೇಡ್ಲೇರಿ. ಪದ ಕಲಿಸಿದವಳು ಅಲ್ಲಿದ್ದ ಅವಳ ಅಜ್ಜಿ. ದಿನಾ ಸಂಜೆ ಅಜ್ಜಿಯ ಕಾಲು ಒತ್ತಬೇಕು, ಆಗ ಅಜ್ಜಿ ಪದದ ಒಂದು ನುಡಿ ಹೇಳಬೇಕು. ಮಾರನೇ ಸಂಜೆ ಅದನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸಿದರೆ ಮಾತ್ರ ಮುಂದಿನ ನುಡಿ. ಹೀಗೆ ಆರು ವರ್ಷ ಕಲಿತಿದ್ದಳು. ತನ್ನ ಹಾಡಿನ ಬಗ್ಗೆ ಅವಳಿಗೆ ಗರ್ವವಿತ್ತು. ಇರಬೇಕಾದದ್ದೇ.

ಶೆಡ್ಡಿನಲ್ಲಿ ಅವಳ ಮಗ್ಗುಲಿಗೆ ಕೂರುವವಳು ಹುಸೇನಬಿ. ಇವಳಿಗಿಂತ ನಾಲ್ಕು ವರ್ಷ ಚಿಕ್ಕವಳು, ಒಡಕು ದನಿಯವಳು, ಮಾತು ಕಡಿಮೆ. ಉಚ್ಚಂಗೆವ್ವ ಹಾಡುವಾಗ ಅವಳು ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು, ಅಷ್ಟೇ. ಮಗ್ಗುಲಿಗೆ ಕೂತ ಹನ್ನೆರಡು ವರ್ಷದಲ್ಲಿ ಒಂದು ದಿನವೂ ದನಿಗೂಡಿಸಿದವಳಲ್ಲ.

ಹೋದ ವರ್ಷ ಮಹಿಳಾ ಸಂಘದ ಸಭೆಗೆಂದು ಈ ಹೆಂಗಸರು ರಾಣೆಬೆನ್ನೂರಿಗೆ ಹೋದರು. ಸಭೆ ಮಧ್ಯಾಹ್ನಕ್ಕೇ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೈಲವ್ವ ಎಂಬಾಕೆ ಎಲ್ಲರನ್ನೂ ಹುರಿದುಂಬಿಸಿ ಟಾಕೀಜಿಗೆ ಕರೆದೊಯ್ದಳು.

ಸಿನೆಮಾ ಒಬ್ಬ ಹೊಲಿಗೆ ಹೆಂಗಸಿನ ಕಥೆ. ಮಶೀನು ತುಳಿಯುತ್ತ ತುಳಿಯುತ್ತ ಅವಳ ಬಾಯಿಗೆ ಹಾಡು ಬರುತ್ತದೆ. ಪೋಸ್ಟಮನ್ನು ಡೋಲು ಹಿಡಿಯುತ್ತಾನೆ, ಅಂಗನವಾಡಿಯ ಆಯಾ ತಾಳ ಹಾಕುತ್ತಾಳೆ. ನಡುವೆ ಜಗಳ, ಆಮೇಲೆ ರಾಜಿ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಊರಿಗೆ ಊರೇ ಅವಳ ಹಾಡು ಹಾಡುತ್ತದೆ.

ಹೊರಗೆ ಬಂದಾಗ ಎಲ್ಲರ ಮುಖವೂ ಅರಳಿತ್ತು. "ಮನಸು ಹಗುರಾತು ನೋಡಬೇ," ಎಂದು ಮೈಲವ್ವ ಕಣ್ಣೊರೆಸಿಕೊಂಡಳು. ಹುಸೇನಬಿ ಬಸ್ಸಿನಲ್ಲಿ ಕಿಡಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು.

ಉಚ್ಚಂಗೆವ್ವನಿಗೆ ಮಾತ್ರ ಸಿನೆಮಾ ಹಿಡಿಸಿರಲಿಲ್ಲ. "ಅಕಿಗೆ ಯಾರು ಕಲಿಸಿದ್ರು?" ಎಂದಳು.

"ಯಾರಿಗೆ?"

"ಆ ಮಶೀನಿನಾಕಿಗೆ. ಮಶೀನು ತುಳದ್ರ ಪದ ಉದರ್ತಾವೇನು? ನಾ ಆರು ವರ್ಷ ಮುದುಕಿ ಕಾಲ ಒತ್ತೇನಿ."

"ಸಿನೆಮಾ ಬೇ ಅದು," ಎಂದು ಮೈಲವ್ವ ನಕ್ಕಳು.

ಸಿನೆಮಾ ಅನ್ನುವುದು ಉಚ್ಚಂಗೆವ್ವನಿಗೂ ಗೊತ್ತಿತ್ತು. ಆದರೂ ಮರುದಿನ ರೊಟ್ಟಿ ಬಡಿಯುವಾಗ ಆ ಹೆಂಗಸೇ ಕಣ್ಣ ಮುಂದೆ ಬಂದಳು. ಇಲ್ಲದ ಒಬ್ಬಳ ಮೇಲೆ ತನಗೆ ಇಷ್ಟು ಸಿಟ್ಟು ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಎಂಟು ದಿನ ಕಳೆದಿರಬೇಕು. ಶೆಡ್ಡಿನಲ್ಲಿ ತುಂಬು ಮುರಿಯುತ್ತಿದ್ದ ಹುಸೇನಬಿ ಗಂಟಲಲ್ಲೇ ಏನೋ ಗುನುಗಿದಳು. ಮೈಲವ್ವ ಕಿವಿಗೊಟ್ಟಳು. "ಏನಬೇ ಅದು, ಜೋರಲೇ ಅನ್ನು."

ಹುಸೇನಬಿ ತಲೆ ತಗ್ಗಿಸಿಕೊಂಡೇ ಅಂದಳು:

"ಕೆಂಪು ಕಾಯಿ ಕೈಯಾಗ, ಉರಿಯೆಲ್ಲ ಕಣ್ಣಾಗ,
ಒರಸಬ್ಯಾಡ ತಂಗಿ ಸೆರಗೀಲೆ,
ಸೆರಗಿಗೂ ಖಾರ ಹತ್ತೇತಿ.

ಮನಿಗೆ ಹೋದರ ಮಮ್ಮಗಳು ಎತ್ತಿಕೋ ಅಂತಾಳ,
ಹ್ಯಾಂಗ ಎತ್ತಲೇ ನನ್ನ ಬಂಗಾರಿ,
ಅಂಗೈ ಆರಲಿ ತಡಿಯೇ."

ಕೈಗಳೆಲ್ಲ ನಿಂತವು. ದನಿ ಒಡಕೇ, ರಾಗವೂ ಅಲ್ಲಲ್ಲಿ ಜಾರುತ್ತಿತ್ತು. ಆದರೆ ಆ ಮಾತು ಅಲ್ಲಿದ್ದ ಎಲ್ಲರದೂ ಆಗಿತ್ತು. ಎಷ್ಟು ಸಲ ತೊಳೆದರೂ ಖಾರ ಬಿಡದ ಕೈಯಿಂದ ಮಗುವನ್ನು ಮುಟ್ಟಲು ಹೆದರದವರು ಯಾರಿದ್ದರು? ಉಚ್ಚಂಗೆವ್ವ ತನ್ನ ಮೂರು ಮಕ್ಕಳನ್ನೂ ಹಾಗೆ ಕಾಯಿಸಿದವಳು. ಇಪ್ಪತ್ತೆಂಟು ವರ್ಷ ಇದೇ ರಾಶಿಯ ಮುಂದೆ ಕೂತು ಹಾಡಿದ್ದಳು. ಹಾಡಿದ್ದೆಲ್ಲ ಮುತ್ತಿನ ದಂಡೆ, ಮಲ್ಲಿಗೆ ಮಾಲೆ. ಕೈಯ ಖಾರವನ್ನು ಪದದಲ್ಲಿ ಇಡಬಹುದೆಂದು ಒಂದು ದಿನವೂ ತೋಚಿರಲಿಲ್ಲ.

"ರಾಗ ತಪ್ಪೈತಿ," ಎಂದಳು.

"ಹೌದಕ್ಕ," ಎಂದಳು ಹುಸೇನಬಿ.

ಅಂದಿನಿಂದ ಉಚ್ಚಂಗೆವ್ವ ಬೆಳಿಗ್ಗೆ ಕೂತವಳೇ ಹಾಡು ಶುರು ಮಾಡುತ್ತಿದ್ದಳು, ಹುಸೇನಬಿಗೆ ಬಾಯಿ ತೆರೆಯಲು ಸಂದು ಕೊಡದ ಹಾಗೆ. ಆದರೂ ಊಟದ ಹೊತ್ತಿಗೆ ಹೆಂಗಸರು ಬುತ್ತಿ ಬಿಚ್ಚಿ ಹುಸೇನಬಿಯ ಹತ್ತಿರ ಸರಿಯುತ್ತಿದ್ದರು. "ಆ ಬಂಗಾರಿದ ಅನ್ನಬೇ." ಉಚ್ಚಂಗೆವ್ವ ರೊಟ್ಟಿ ಮುರಿಯುತ್ತ ಬೇರೆ ಕಡೆ ನೋಡುತ್ತಿದ್ದಳು. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು. ಮೂರೇ ದಿನದಲ್ಲಿ ಪದ ಅವಳಿಗೆ ಬಾಯಿಪಾಠವಾಯಿತು.

ಆ ಹೊತ್ತಿಗೇ ಹಾವೇರಿಯ ಕಾಲೇಜಿನ ಶಿಲ್ಪಾ ಎಂಬ ಹುಡುಗಿ ಬಂದಳು. ದುಡಿಯುವ ಹೆಂಗಸರ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದಳು. ಹುಸೇನಬಿ ಅಂದು ಕಣ್ಣು ತೋರಿಸಲು ದವಾಖಾನೆಗೆ ಹೋಗಿದ್ದಳು. ಉಚ್ಚಂಗೆವ್ವ ಒಂದಾದ ಮೇಲೊಂದು ಎಂಟು ಪದ ಹಾಡಿದಳು. ಶಿಲ್ಪಾ ತಲೆದೂಗಿದಳು. ಆಮೇಲೆ ಮೆಲ್ಲಗೆ, "ದನಿ ಭಾಳ ಚಲೋ ಐತ್ರಿ ಅಜ್ಜಿ. ಆದ್ರ ಇವನ್ನ ಬ್ಯಾರೆ ಊರಾಗೂ ಕೇಳೇನ್ರಿ. ನೀವ ಕಟ್ಟಿದ್ದು ಏನರ ಐತೇನ್ರಿ?" ಎಂದಳು.

ಉಚ್ಚಂಗೆವ್ವನ ಬಾಯಿಂದ ಕೆಂಪು ಕಾಯಿಯ ಪದ ಹೊರಟಿತು. ಅವಳ ದನಿಯಲ್ಲಿ ಅದು ಎಲ್ಲೂ ಜಾರಲಿಲ್ಲ. ಬಂಗಾರಿಯ ನುಡಿಗೆ ಬಂದಾಗ ಶಿಲ್ಪಾಳ ಕಣ್ಣು ಒದ್ದೆಯಾದವು.

"ಯಾರು ಕಟ್ಟಿದ್ರಿ ಇದನ್ನ?"

"ನಾನ," ಎಂದಳು ಉಚ್ಚಂಗೆವ್ವ.

ಮೈಲವ್ವ ಅವಳ ಮುಖವನ್ನೇ ನೋಡಿದಳು. ಆದರೆ ತನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ಹಾಡಿದ ಹಿರಿಯಳನ್ನು ಹೊರಗಿನವರ ಮುಂದೆ ಹೇಗೆ ಸುಳ್ಳುಗಾರ್ತಿ ಮಾಡುವುದು? ಅವಳೂ ಸುಮ್ಮನಾದಳು, ಉಳಿದವರೂ ಸುಮ್ಮನಾದರು.

ವಾರದೊಳಗೆ ಆ ಹಾಡು ಬ್ಯಾಡಗಿಯ ಮೊಬೈಲುಗಳಲ್ಲೆಲ್ಲ ಓಡಾಡಿತು. 'ರಚನೆ ಮತ್ತು ಗಾಯನ: ಉಚ್ಚಂಗೆವ್ವ' ಎಂದು ಕೆಳಗೆ ಬರೆದಿತ್ತು. ಊಟದ ಹೊತ್ತಿಗೆ ಯಾರೋ ಅದನ್ನು ಹಚ್ಚಿದಾಗ ಹುಸೇನಬಿ ಪೂರ್ತಿ ಕೇಳಿದಳು.

"ಚಲೋ ಹಾಡೀದಿಯಕ್ಕ," ಎಂದು ಬುತ್ತಿ ಕಟ್ಟಿಟ್ಟಳು. ಮರುದಿನದಿಂದ ಶೆಡ್ಡಿನ ಆ ತುದಿಗೆ ಹೋಗಿ ಕೂತಳು. ಗುನುಗುವುದೂ ನಿಂತಿತು.

ಪದ ಕೈಗೆ ಬಂದರೆ ಹೊಟ್ಟೆಕಿಚ್ಚು ತಣ್ಣಗಾದೀತು ಎಂದು ಉಚ್ಚಂಗೆವ್ವ ಅಂದುಕೊಂಡಿದ್ದಳು. ಆಗಲಿಲ್ಲ. ಶಿಲ್ಪಾ ಫೋನು ಮಾಡಿ, "ಮುಂದಿನ ತಿಂಗಳು ಹಾವೇರ್‍ಯಾಗ ಕಾರ್ಯಕ್ರಮ ಐತ್ರಿ ಅಜ್ಜಿ. ಅದನ್ನೂ ಹಾಡ್ರಿ, ಹೊಸಾದೊಂದು ಕಟ್ಟಿಕೊಂಡೂ ಬರ್ರಿ," ಎಂದಳು. ಉಚ್ಚಂಗೆವ್ವ ಮೂರು ದಿನ ಹೆಣಗಿದಳು. ಒಲೆಯ ಮುಂದೆ ಕೂತಳು, ನಳದ ಹತ್ತಿರ ನಿಂತಳು, ಕಣ್ಣು ಮುಚ್ಚಿದಳು. ಬಾಯಿಗೆ ಬಂದದ್ದೆಲ್ಲ ಅಜ್ಜಿಯ ಮುತ್ತು, ಅಜ್ಜಿಯ ಮಲ್ಲಿಗೆ. ತನ್ನದೆಂಬ ಒಂದು ಸಾಲೂ ಬರಲಿಲ್ಲ. ಆಗ ಹುಸೇನಬಿಯ ಮೇಲಿನ ಕಿಚ್ಚು ಮೊದಲಿಗಿಂತ ಇಮ್ಮಡಿಯಾಯಿತು.

ನಾಲ್ಕನೇ ದಿನ ರವಿವಾರ. ಉಚ್ಚಂಗೆವ್ವ ಹುಸೇನಬಿಯ ಮನೆಗೆ ಹೋದಳು. ಹುಸೇನಬಿ ಕಟ್ಟೆಯ ಮೇಲೆ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಸಿಟ್ಟು ತೋರಿಸಲಿಲ್ಲ, ಎದ್ದೂ ನಿಲ್ಲಲಿಲ್ಲ. "ಕುಂದ್ರಕ್ಕ," ಎಂದಳು.

ಉಚ್ಚಂಗೆವ್ವ ಕೂತಳು. ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ನನಗ ನಿನ್ನ ಮ್ಯಾಲೆ ಹೊಟ್ಟೆಕಿಚ್ಚು ಐತಿ," ಎಂದಳು.

"ಗೊತ್ತೈತಿ."

"ಪದ ಹ್ಯಾಂಗ ಬರ್ತಾವ ನಿನಗ?"

"ನನಗೇನು ಗೊತ್ತು? ಆ ಸಿನೆಮಾ ನೋಡಿದ ಮ್ಯಾಲೆ, ಬಾಯಾಗ ಇದ್ದದ್ದು ಅಂದ್ರ ಯಾರೂ ಹೊಡಿಯೂದಿಲ್ಲ ಅನ್ನಿಸ್ತು. ಅಂದೆ." ಹುಸೇನಬಿ ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದಳು. "ನೀ ಬಾಯಿ ತಗದ್ರ ಮಂದಿ ಕೆಲಸ ಬಿಟ್ಟು ಬರ್ತಾರ. ನಾ ಬಾಯಿ ತಗದ್ರ ನಮ್ಮ ಮನಿಯಾಗ ನಗ್ತಾರ. ಹನ್ನೆರಡು ವರ್ಷ ನಿನ್ನ ಮಗ್ಗಲಕ್ಕ ಕುಂತು ನನಗೇನು ಉರಿದಿಲ್ಲಂತ ತಿಳದೀಯೇನು?"

ಉಚ್ಚಂಗೆವ್ವ ತಲೆಯೆತ್ತಿ ನೋಡಿದಳು. ಹನ್ನೆರಡು ವರ್ಷದಲ್ಲಿ ಇದು ಅವಳ ತಲೆಗೆ ಬಂದೇ ಇರಲಿಲ್ಲ.

"ಆದ್ರ ನಿನ್ನ ದನಿ ನಾ ಕದೀಲಿಲ್ಲ," ಎಂದಳು ಹುಸೇನಬಿ.

ಉಚ್ಚಂಗೆವ್ವ ಅಲ್ಲೇ ಕೂತು ಶಿಲ್ಪಾಳಿಗೆ ಫೋನು ಹಚ್ಚಿದಳು. ಸುಳ್ಳು ಹೇಳಿದೆ ಎಂದಳು. ಯಾರ ಪದ ಎಂದೂ ಹೇಳಿದಳು. ಆ ಕಡೆಯಿಂದ ಹುಡುಗಿ, "ಹಂಗಾದ್ರ ಅವರನ್ನ ಕರಕೊಂಡು ಬರ್ರಿ," ಎಂದಳು.

ಹುಸೇನಬಿ ಒಪ್ಪಲಿಲ್ಲ. "ಮಂದಿ ಮುಂದ ನಿಂತು ಹಾಡೂದು ನನ್ನಿಂದ ಆಗೂದಿಲ್ಲ. ನೀನ ಹಾಡು. ಆದ್ರ ಹಾಡೂ ಮೊದಲ ಹೆಸರು ಹೇಳಬೇಕು."

"ಹೇಳ್ತೇನಿ."

"ಜೋರಲೇ ಹೇಳಬೇಕು."

ಹಾವೇರಿಯ ಸಭೆಯಲ್ಲಿ ಉಚ್ಚಂಗೆವ್ವ ಮೈಕಿನ ಮುಂದೆ ನಿಂತು, "ಈ ಪದ ಕಟ್ಟಿದಾಕಿ ಹುಸೇನಬಿ," ಎಂದಳು. ಎರಡನೇ ಸಾಲಿನಲ್ಲಿ ಹುಸೇನಬಿ ತಲೆಯ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಹೊರಳಿ ಹೊರಳಿ ಹುಸೇನಬಿಯನ್ನು ನೋಡಿದರು. ಆ ಗಳಿಗೆಯನ್ನು ನುಂಗುವುದು ಉಚ್ಚಂಗೆವ್ವನಿಗೆ ಸುಲಭವಾಗಲಿಲ್ಲ.

ಈಗ ಹುಸೇನಬಿ ಮತ್ತೆ ಮೊದಲಿನ ಜಾಗದಲ್ಲೇ ಕೂರುತ್ತಾಳೆ. ಐದು ಪದ ಕಟ್ಟಿದ್ದಾಳೆ. ರಾಗ ಜಾರಿದಲ್ಲಿ ಉಚ್ಚಂಗೆವ್ವ ತಿದ್ದುತ್ತಾಳೆ, ಕೆಲವು ಸಲ ಸರಿಯಿದ್ದದ್ದನ್ನೂ ತಿದ್ದುತ್ತಾಳೆ. ಮೊನ್ನೆ ಮೈಲವ್ವ, "ಇನ್ನರ ಹೊಟ್ಟೆಕಿಚ್ಚು ಹೋತಿಲ್ಲೋ?" ಎಂದು ಕೇಳಿದಳು. ಉಚ್ಚಂಗೆವ್ವ ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಬುಟ್ಟಿಗೆ ಹಾಕಿದಳು.

"ಎಲ್ಲಿ ಹೋಗತೈತಿ ಬೇ. ಹೊಸಾ ಪದಾ ಕಟ್ಟಿದಾಗೊಮ್ಮೆ ಬರ್ತೈತಿ," ಎಂದಳು.