ನಿರಿಗೆ ಮಾಸ್ತರನ ಶೇರ್ವಾನಿ

ಭಾತಂಬ್ರಾದ ವೈಜಿನಾಥ ಮಾಸ್ತರ ಬೀದರಿನ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಚಿತ್ರಕಲೆ ಕಲಿಸಿದ. ಅಷ್ಟು ವರ್ಷದಲ್ಲಿ ಒಂದೇ ಒಂದು ಮುಖವನ್ನೂ ನೆಟ್ಟಗೆ ಬರೆದವನಲ್ಲ. ಇದು ಯಾರೋ ಹೊಟ್ಟೆಕಿಚ್ಚಿಗೆ ಹಬ್ಬಿಸಿದ ಮಾತಲ್ಲ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಚಹಾ ಕುಡಿಯುತ್ತ ಅವನೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ. "ನಂಗ ಮೂಗು ಬರಂಗಿಲ್ರಿ. ಬರದ್ರ ಆಲೂಗಡ್ಡಿ ಆಗ್ತದ. ಅದಕ್ಕ ಕುತ್ತಿಗಿಗೇ ನಿಂದರಸ್ತೇನಿ."

ಅವನಿಗೆ ಬರುತ್ತಿದ್ದದ್ದು ಬಟ್ಟೆ ಮಾತ್ರ. ಹರೆಯದಲ್ಲಿ ಹೈದರಾಬಾದಿಗೆ ಹೋಗಿ ಚಿತ್ರಕಲೆ ಕಲಿಯುವಾಗ ಅಲ್ಲಿ ಸುಣ್ಣದಲ್ಲಿ ಎರಕ ಹೊಯ್ದ ಒಬ್ಬಳು ಗ್ರೀಕ್ ದೇವತೆಯಿದ್ದಳು. ಅವಳಿಗೆ ತಲೆಯೂ ಇರಲಿಲ್ಲ, ಕೈಯೂ ಇರಲಿಲ್ಲ. ಮೈಮೇಲೆ ತೆಳ್ಳನೆಯ ವಸ್ತ್ರ ಮಾತ್ರ ನೂರೆಂಟು ನಿರಿಗೆಗಳಾಗಿ ಇಳಿದಿತ್ತು. ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡು, ನಿರಿಗೆ ಹುಟ್ಟುವುದು ಅಲ್ಲಿಂದಲೇ ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ವೈಜಿನಾಥ ಮೂರು ವರ್ಷ ಅದನ್ನೇ ಬರೆದ. ತಲೆಯಿದ್ದ ದೇವತೆಯ ಪಾಠ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದು ಊರಿಗೆ ವಾಪಸು ಬಂದಿದ್ದ.

ಮದುವೆಯಾದ ಮೇಲೆ ದೇವತೆಯ ಜಾಗಕ್ಕೆ ಹೆಂಡತಿ ಈರಮ್ಮ ಬಂದಳು. ಔರಾದ ಕಡೆಯ ಸಂತಪುರದವಳು, ಕಚ್ಚೆ ಹಾಕಿ ಸೀರೆ ಉಡುತ್ತಿದ್ದಳು. ಬೀದರಿನ ಪಕ್ಕದ ನೌಬಾದದ ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದರೂ, ನೀರು ಸೇದುತ್ತಿದ್ದರೂ ಮಾಸ್ತರ ಹಿಂದೆ ನಿಂತು ಸೊಂಟದ ನಿರಿಗೆ ಬರೆದುಕೊಳ್ಳುತ್ತಿದ್ದ. "ಹನ್ನೆರಡು ವರ್ಷ ಆತು, ನನ್ನ ಮಾರಿ ಒಂದರೆ ಬರದೀರೇನ್ರಿ?" ಎಂದು ಅವಳು ಕೇಳಿದರೆ, ಬರೆಯುತ್ತೇನೆ ತಡಿ ಎಂದು ಇನ್ನೊಂದು ಸೆರಗು ಬರೆಯುತ್ತಿದ್ದ. ಗೋಡೆಯ ತುಂಬ ರುಂಡವಿಲ್ಲದ ಹೆಂಗಸರನ್ನು ನೋಡಿ ಪಕ್ಕದ ಮನೆಯವರು ಕತ್ತಲಾದ ಮೇಲೆ ಅವರ ಮನೆಗೆ ಮೊಸರು ಕೇಳಲಿಕ್ಕೂ ಬರುತ್ತಿರಲಿಲ್ಲ.

ಬಟ್ಟೆಯ ಈ ಹುಚ್ಚೇ ಅವನಿಗೆ ಅಬ್ದುಲ ಮಜೀದನ ಗೆಳೆತನ ತಂದಿತ್ತು. ಮಜೀದ ಚೌಬಾರಾದ ಓಣಿಯಲ್ಲಿ ಶೇರ್ವಾನಿ ಹೊಲಿಯುವ ದರ್ಜಿ. ನಿಜಾಮರ ಕಾಲದಲ್ಲಿ ನೌಕರಿಯಲ್ಲಿದ್ದವರು, ಯಾವ ಜಾತಿಯವರೇ ಇರಲಿ, ಶೇರ್ವಾನಿ ಹಾಕುತ್ತಿದ್ದರು. ಮಾಸ್ತರನಿಗೂ ಒಂದು ಕಪ್ಪು ಶೇರ್ವಾನಿಯಿತ್ತು. ನೌಬಾದದ ಹತ್ತಿರ ಒಮ್ಮೆ ನಿಜಾಮರ ಪರದ ರಜಾಕಾರರು ಅಡ್ಡಹಾಕಿದಾಗ ಆ ಶೇರ್ವಾನಿ ತೋರಿಸಿ, ಅದನ್ನು ಹೊಲಿದ ಮಜೀದನ ಹೆಸರು ಹೇಳಿಯೇ ಅವನು ಜೀವ ಉಳಿಸಿಕೊಂಡು ಬಂದಿದ್ದ.

ಆಮೇಲೆ ಭಾರತದ ಸೇನೆ ಬಂದು ಪೊಲೀಸ್ ಆ್ಯಕ್ಷನ್ ಆಯಿತು, ಗಾಳಿ ಒಂದೇ ವಾರದಲ್ಲಿ ತಿರುಗಿತು. ನಿನ್ನೆಯವರೆಗೆ ಕಾಪಾಡಿದ ಅಂಗಿಯೇ ಇಂದು ಅಪಾಯದ ಗುರುತಾಯಿತು. ಔರಾದಿನ ಕಡೆ ಹೋದ ಮಜೀದನ ಭಾವ ತಿರುಗಿ ಬರಲಿಲ್ಲ. ಆ ದಿನಗಳಲ್ಲಿ ವೈಜಿನಾಥ ಮಾಸ್ತರ ಏನು ಮಾಡಿದ? ಬಾಗಿಲಿಗೆ ಅಗುಳಿ ಹಾಕಿದ. ಶೇರ್ವಾನಿಯ ಜೊತೆ ಹಾಕುತ್ತಿದ್ದ ರೂಮಿ ಟೊಪ್ಪಿಗೆಯನ್ನು ಬಾವಿಗೆಸೆದ, ಶೇರ್ವಾನಿಯನ್ನು ಮಡಚಿ ಜೋಳದ ಚೀಲದ ತಳಕ್ಕೆ ತುರುಕಿದ. ಗೆಳೆಯ ಹೇಗಿದ್ದಾನೆಂದು ನೋಡಲು ಹೋದದ್ದು ಇಪ್ಪತ್ತು ದಿನದ ನಂತರ, ಅದೂ ಬಿಳಿ ಖಾದಿ ಟೊಪ್ಪಿಗೆ ಹಾಕಿಕೊಂಡು. ಚಹಾದಂಗಡಿಯಲ್ಲಿ ತನ್ನ ಬಗ್ಗೆ ಏನೆಲ್ಲ ಹೇಳಿ ನಗುತ್ತಿದ್ದವನು ಈ ಒಂದು ಸಂಗತಿಯನ್ನು ಮಾತ್ರ ಹೇಳುತ್ತಿರಲಿಲ್ಲ.

ಶೇರ್ವಾನಿ ಹೊಲಿಸುವವರು ನಿಂತೇ ಹೋದರು. ಹೈದರಾಬಾದಿಗೆ ಹೋಗುತ್ತೇನೆ, ಅಲ್ಲಿಂದ ಕರಾಚಿಯಾದರೂ ಸರಿ ಎಂದು ಮಜೀದ ಅನ್ನತೊಡಗಿದ. ಇವನು ಹೋದರೆ ಈ ಊರಲ್ಲಿ ಬಟ್ಟೆಯ ಮಾತು ಯಾರ ಜೊತೆ ಆಡುವುದು? ಹೇಗಾದರೂ ಮಾಡಿ ಅವನನ್ನು ಉಳಿಸಿಕೊಳ್ಳಬೇಕು ಎಂದು ಮಾಸ್ತರನಿಗೆ ಅನ್ನಿಸಿತು.

ಅಷ್ಟರಲ್ಲಿ ದಾರಿಯೊಂದು ತಾನಾಗಿ ಕಂಡಿತು. ಬೀದರಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ ಮೀರಾಬಾಯಿ, ಪುಣೆಯವರು, ಶಾಲೆಯ ಚಿತ್ರಪ್ರದರ್ಶನಕ್ಕೆ ಬಂದಿದ್ದರು. ಮಾಸ್ತರನ ರುಂಡವಿಲ್ಲದ ಹೆಂಗಸರ ಮುಂದೆ ಬಹಳ ಹೊತ್ತು ನಿಂತರು. ಹೈದರಾಬಾದಿನ ಔತಣವೊಂದಕ್ಕೆ ಅವರಿಗೆ ಯಾರ ಮೈಮೇಲೂ ಇಲ್ಲದಂಥ ಗೌನು ಬೇಕಿತ್ತು. ವಿಲಾಯತಿ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿ ಬೇಸತ್ತಿದ್ದರು.

"ಈ ನಿರಿಗೆಗಳನ್ನು ಹೀಗೇ ಹೊಲಿಯಲಿಕ್ಕೆ ಬರುತ್ತದೆಯೇ?" ಎಂದು ಕೇಳಿದರು.

"ಓಹೋ, ಬರ್ತದರಿ" ಎಂದ ಮಾಸ್ತರ. ಜನ್ಮದಲ್ಲಿ ಒಂದು ಗುಂಡಿ ಹಚ್ಚಿಕೊಂಡವನಲ್ಲ!

ರಾತ್ರಿಯೆಲ್ಲ ಕೂತು ಒಂದೇ ಹಾಳೆಯ ಮೇಲೆ ನಾಲ್ಕು ಚಿತ್ರ ಬರೆದ. ಮೊದಲನೆಯದರಲ್ಲಿ ಬಟ್ಟೆ ಎಡಭುಜದ ಮೇಲೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಎರಡನೆಯದರಲ್ಲಿ ಎದೆಯನ್ನು ಅಡ್ಡ ಹಾಯುತ್ತದೆ, ಮೂರನೆಯದರಲ್ಲಿ ಸೊಂಟ ಸುತ್ತುತ್ತದೆ, ನಾಲ್ಕನೆಯದರಲ್ಲಿ ಪಾದದವರೆಗೆ ಸಡಿಲವಾಗಿ ಇಳಿಯುತ್ತದೆ. ಮೇಲಿನದು ಗ್ರೀಕ್ ದೇವತೆಯದು, ಕೆಳಗಿನದು ಈರಮ್ಮನದು. ಇಷ್ಟು ವರ್ಷ ಉರ್ದು ಶಾಲೆಯ ರೂಢಿಯಂತೆ ಬಲದಿಂದ ಎಡಕ್ಕೆ ಅಂಕಿ ಹಾಕುತ್ತಿದ್ದವನು, ಕಾಲ ಬದಲಾಯಿತಲ್ಲ ಎಂಬ ಹುರುಪಿನಲ್ಲಿ ಈ ಸಲ ಎಡದಿಂದ ಬಲಕ್ಕೆ, ದುಂಡು ಕನ್ನಡ ಅಂಕಿಯಲ್ಲಿ ೧, ೨, ೩, ೪ ಎಂದು ಬರೆದ. ಹಾಳೆಯನ್ನು ಮಜೀದನಿಗೆ ಕೊಟ್ಟು, ಮೊದಲನೆಯದು ಬಿಗಿ, ಕೊನೆಯದು ಸಡಿಲ ಎಂದಷ್ಟೇ ಹೇಳಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮಜೀದನಿಗೆ ಕನ್ನಡ ಓದಲು ಬರುವುದಿಲ್ಲ ಎನ್ನುವುದು ಈ ಮಹಾಶಯನಿಗೆ ಹೊಳೆಯಲೇ ಇಲ್ಲ. ಗಿಣಿ ಹಸಿರು ರೇಷ್ಮೆಯನ್ನು ಹಾಸಿಕೊಂಡು ಮಜೀದ ಉರ್ದು ಓದುವ ರೂಢಿಯಂತೆ ಬಲಗಡೆಯ ಚಿತ್ರದಿಂದ ಶುರು ಮಾಡಿದ. ಸಡಿಲ ಬಿಡಬೇಕಾದ ಪಾದದ ನಿರಿಗೆಗಳನ್ನು ಮೊದಲು ಬಿಗಿದು ಹೊಲಿದ, ಸೊಂಟಕ್ಕೆ ಬಂದ, ಎದೆಗೆ ಹತ್ತಿದ. ಭುಜ ಮುಟ್ಟುವಷ್ಟರಲ್ಲಿ ಎರಡು ಗಜ ರೇಷ್ಮೆ ಉಳಿದುಬಿಟ್ಟಿತು. ಒಳ್ಳೆ ಬಟ್ಟೆ ಕತ್ತರಿಸಲು ಮನಸ್ಸು ಬಾರದೆ ಅದನ್ನು ಹಾಗೇ ಬೆನ್ನ ಮೇಲೆ ಇಳಿಬಿಟ್ಟ.

ಮೈಗೆ ಹಾಕಿ ನೋಡುವ ದಿನ ಮಾಸ್ತರ ಗೌನನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲ ತಿರುವುಮುರುವು! ನಿರಿಗೆಗಳು ಕೆಳಗೆ ಹುಟ್ಟಿ ಮೇಲಕ್ಕೆ ಹತ್ತಿದ್ದವು. ಅಧಿಕಾರಿಯ ಹೆಂಡತಿಯ ರೇಷ್ಮೆ ಕೆಡಿಸಿದ ತಪ್ಪಿಗೆ ಮಜೀದ ನಾಳೆಯೇ ಊರು ಬಿಡಬೇಕಾಗುತ್ತದೆ, ಅವನ ಹಿಂದೆಯೇ ತಾನೂ ಬಿಡಬೇಕಾಗುತ್ತದೆ ಎಂದುಕೊಂಡ. ಮೀರಾಬಾಯಿ ಒಳಗೆ ಹೋಗಿ ಹಾಕಿಕೊಂಡು ಹೊರಬಂದರು. ಕಾಲ ಹತ್ತಿರ ಕಚ್ಚೆಯಂತೆ ಬಿಗಿದ ರೇಷ್ಮೆ ಮೈಗುಂಟ ಏರಿ ಭುಜದಲ್ಲಿ ಒಮ್ಮೆಲೇ ಬಿಚ್ಚಿಕೊಂಡು ಬೆನ್ನ ಹಿಂದೆ ಅಲೆಅಲೆಯಾಗಿ ಇಳಿದಿತ್ತು. ಕನ್ನಡಿಯ ಮುಂದೆ ಅವರು ಒಂದು ಸುತ್ತು ತಿರುಗಿ ನೋಡಿಕೊಂಡರು.

"ಇದನ್ನು ಹೀಗೆ ತಲೆಕೆಳಗು ಮಾಡಬೇಕೆಂದು ನಿಮಗೆ ಹೇಗೆ ಹೊಳೆಯಿತು, ಮಾಸ್ತರರೇ?"

"ಅದು... ಬಹಳ ವರ್ಷದ ಅಭ್ಯಾಸ ಅದರಿ" ಎಂದುಬಿಟ್ಟ ಮಾಸ್ತರ. ಮಜೀದ ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ ನೆಲ ನೋಡುತ್ತ ನಿಂತಿದ್ದ.

ಔತಣದಿಂದ ತಿರುಗಿ ಬಂದ ಮೀರಾಬಾಯಿ ಇನ್ನೂ ಮೂರು ಗೌನಿಗೆ ಹೇಳಿಕಳಿಸಿದರು. ಗೆಳೆಯನನ್ನು ಉಳಿಸಿಬಿಟ್ಟೆ ಎಂದು ಎದೆಯುಬ್ಬಿಸಿಕೊಂಡು ಮಾಸ್ತರ ಬುಧವಾರ ಅಂಗಡಿಗೆ ಓಡಿದ. ಹೊಲಿಗೆ ಮಶೀನು ಗೋಣಿತಟ್ಟಿನಲ್ಲಿ ಸುತ್ತಿ ಹಗ್ಗ ಬಿಗಿದು ಬಾಗಿಲ ಹತ್ತಿರ ಕೂತಿತ್ತು.

"ಶುಕ್ರವಾರ ನಮಾಜ ಮುಗಿಸಿ ರೈಲಿಗೆ ಹೊಂಟೀನ್ರಿ" ಎಂದ ಮಜೀದ.

"ಮತ್ತ ಗೌನು? ಈಗ ಕೈತುಂಬ ಕೆಲಸ ಅದಲ್ಲ, ಮಜೀದ ಭಾಯಿ!"

"ಕೆಲಸ ಇಲ್ಲಂತ ಯಾರು ಹೊಂಟಾರ್ರಿ? ಈ ಓಣ್ಯಾಗ ನಾ ಹೊಲಿದ ಶೇರ್ವಾನಿ ನಲ್ವತ್ತು ಅವ. ಒಂದೂ ಹೊರಗ ಕಾಣಂಗಿಲ್ಲ. ನನ್ನ ಕೈಯಾಗಿನ ಬಟ್ಟಿ ಹಾಕ್ಕೊಂಡು ನನ್ನ ಅಂಗಡಿ ಮುಂದ ಹಾಯಲಾಕ ಮಂದಿ ಅಂಜತಾರ. ಅಂಥಲ್ಲಿ ಹ್ಯಾಂಗ ಇರಬೇಕು?" ಸ್ವಲ್ಪ ತಡೆದು ಕೇಳಿದ: "ನಿಮ್ಮದು ಎಲ್ಲ್ಯದ, ಮಾಸ್ತರ ಸಾಬ್?"

ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆ ನೋಡು ಎಂದು ಜನ್ಮವಿಡೀ ಮಕ್ಕಳಿಗೆ ಹೇಳಿದವನಿಗೆ, ತನ್ನ ಬಟ್ಟೆ ಜೋಳದ ಚೀಲದಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ತುಂಬ ನಾಚಿಕೆಯಾಯಿತು. ಎದ್ದು ಬಂದ.

ಮರುದಿನ ನಡುಹಗಲಿಗೆ ಚೀಲ ಸುರುವಿ ಶೇರ್ವಾನಿ ತೆಗೆದ. ಈರಮ್ಮ ಅದನ್ನು ಜಾಡಿಸಿ ಕೊಟ್ಟು, "ನೆಟ್ಟಗ ನಡೀರಿ, ಕಳ್ಳನಂಗ ಅಲ್ಲ" ಎಂದಳು. ನೌಬಾದದಿಂದ ಚೌಬಾರಾದವರೆಗೆ ಅವನು ನಡೆದ. ಕಿಸೆಯಿಂದ ದಾರಿಯುದ್ದಕ್ಕೂ ಜೋಳ ಉದುರುತ್ತಿತ್ತು. ಕೆಲವರು ದಿಟ್ಟಿಸಿ ನೋಡಿದರು, ಒಬ್ಬ ಏನೋ ಗೊಣಗಿದ. ಹಿಂದೆ ಬಂದದ್ದು ಮಾತ್ರ ಕಾಳಿಗೆ ಆಸೆಪಟ್ಟ ಎರಡು ಕೋಳಿ.

ಮಜೀದ ಬಾಗಿಲಲ್ಲಿ ನಿಂತು ನೋಡಿದ. ಮಾಸ್ತರ ಅಂದು ಮೊದಲ ಸಲ ಬಟ್ಟೆ ಬಿಟ್ಟು ಅವನ ಮುಖ ನೋಡಿದ. ಮುಖ ಬಹಳ ಇಳಿದಿತ್ತು, ಒಂದು ವರ್ಷದಲ್ಲಿ ಗಡ್ಡ ಅರ್ಧ ಬೆಳ್ಳಗಾಗಿತ್ತು.

"ಹೊಟ್ಟಿ ಬಂದದ" ಎಂದ ಮಜೀದ, ನಡುವಿನ ಗುಂಡಿಯ ಮೇಲೆ ಬೆರಳಿಟ್ಟು. "ಎಲ್ಲಾ ನಿರಿಗಿ ಇಲ್ಲಿಂದ ಹುಟ್ಯಾವ ನೋಡ್ರಿ. ತಗೀರಿ, ಎರಡು ಬೆರಳು ಬಿಡಸ್ತೇನಿ." ಬಗ್ಗಿ ಮಶೀನಿನ ಹಗ್ಗ ಬಿಚ್ಚತೊಡಗಿದ. "ಸೋಮವಾರ ಬರ್ರಿ."

ಮೈಮೇಲೆ ಬರೀ ಬನಿಯನ್ ಉಳಿದ ಮಾಸ್ತರ ನಡುಬಜಾರಿನಲ್ಲಿ ಮನೆಯ ದಾರಿ ಹಿಡಿದ. ಲೆಕ್ಕದಲ್ಲಿ ಮೊದಲಿನಿಂದಲೂ ಹಿಂದೆ. ಅರ್ಧ ದಾರಿ ನಡೆದ ಮೇಲೆ ಅವನಿಗೆ ಗೊತ್ತಾಯಿತು, ಸೋಮವಾರ ಬರುವುದು ಮಜೀದ ರೈಲು ಹತ್ತಬೇಕಿದ್ದ ಶುಕ್ರವಾರ ದಾಟಿದ ಮೇಲೆ.