ಕಲ್ಲಿಲ್ಲದೆ ಕಡೆದ ಅಮ್ಮ

“ಅಮ್ಮ, ನೀವು ಹಿಟ್ಟು ಕಡೆಯಲಿಕ್ಕೆ ಕೂತುಕೊಳ್ಳುವುದು ಎಲ್ಲಿ? ಒಮ್ಮೆ ಕೂತು ತೋರಿಸಿ” ಎಂದರು ವೈರ್‌ಮನ್ ಸಂಜೀವಣ್ಣ.

ಎಂಬತ್ತರ ದಶಕದ ಆರಂಭ. ಬೆಳ್ಮಣ್ಣು ಊರಿನ ನಮ್ಮ ಹೊಸ ಮನೆಯ ಅಡುಗೆಕೋಣೆ ಇನ್ನೂ ಖಾಲಿಯಿತ್ತು. ಎಲ್ಲ ಪ್ಲಗ್ಗುಗಳನ್ನೂ ಎದೆಯೆತ್ತರದಲ್ಲಿ ಒಂದೇ ಸಾಲಿಗೆ ತೋರಿಸಿ ನಾನು ಬರೆದುಕೊಟ್ಟ ನಕ್ಷೆಯನ್ನು ಅವರು ಮಡಚಿ ಕಿಸೆಗೆ ಹಾಕಿಕೊಂಡಿದ್ದರು. ಅಮ್ಮ ನಾಚುತ್ತಲೇ ಬರಿ ಸಿಮೆಂಟಿನ ಮೇಲೆ ಕುಳಿತು, ಕಾಲು ಚಾಚಿ, ಅಲ್ಲಿಲ್ಲದ ಕಡೆಯುವ ಕಲ್ಲಿನ ಗುಂಡನ್ನು ತಿರುಗಿಸತೊಡಗಿದರು. ಸ್ವಲ್ಪ ಹೊತ್ತಿಗೆ ನಾಚಿಕೆ ಮರೆತು, ಇಲ್ಲದ ಹಿಟ್ಟನ್ನು ಎಡಗೈಯಿಂದ ಒಳಕ್ಕೆ ತಳ್ಳಿದರು. ಗಾರೆಯವರು ಕೆಲಸ ಬಿಟ್ಟು ಕಿಟಕಿಗೆ ಮುತ್ತಿದರು.

ಸಂಜೀವಣ್ಣ ಅಮ್ಮನ ಭುಜದ ಮಟ್ಟಕ್ಕೆ ಗೋಡೆಯಲ್ಲಿ ಗುರುತು ಹಾಕಿದರು. “ಗ್ರೈಂಡರಿಗೆ ಪ್ಲಗ್ಗು ಇಲ್ಲಿ. ಮೈನ್ ಸ್ವಿಚ್ಚಿನಿಂದ ಅದಕ್ಕೇ ಬೇರೆ ಲೈನು.”

“ಅಷ್ಟು ತಗ್ಗಿನಲ್ಲಾ? ನೋಡಿದವರು ನಗುತ್ತಾರೆ” ಎಂದೆ.

“ನಗುವವರು ಕಡೆಯಲಿಕ್ಕೆ ಬರ್ತಾರಾ ಮಾರಾಯ್ರೆ?”

ಗ್ರೈಂಡರ್ ಬಂದಾಗ ಅದನ್ನು ಅಡುಗೆಕಟ್ಟೆಯ ಮೇಲೆತ್ತಲು ಇಬ್ಬರು ಸೇರಿದರೂ ಆಗಲಿಲ್ಲ. ನೆಲದಲ್ಲೇ ಇಟ್ಟೆವು, ವಯರು ಪ್ಲಗ್ಗಿಗೆ ಸರಿಯಾಗಿ ಮುಟ್ಟಿತು. ಗ್ರೈಂಡರಿನ ಜೊತೆ ಫ್ರಿಜ್, ಮಿಕ್ಸಿ ಎಲ್ಲವೂ ಒಟ್ಟಿಗೆ ಓಡಿದರೂ ಫ್ಯೂಸ್ ಹೋಗಲಿಲ್ಲ.

ಈಗ ಯಾರೇ ಮನೆ ಕಟ್ಟಿಸಲಿ, ವೈರಿಂಗಿಗೆ ಮೊದಲು ಅಡುಗೆ ಮಾಡುವವರನ್ನು ಖಾಲಿ ಕೋಣೆಯಲ್ಲಿ ಅಡುಗೆ ಮಾಡಲು ಬಿಡಿ ಎನ್ನುತ್ತೇನೆ. ಹೆಚ್ಚಿನವರು ಅನುಕಂಪದಿಂದ ನನ್ನ ಹೆಂಡತಿಯ ಮುಖ ನೋಡುತ್ತಾರೆ.